ಚೀಲ ನಿಲ್ಲದ ಗಾಡಿ

ಹೋದ ವಾರ ಹೊನ್ನಾಳಿಯ ಒಂದು ಸ್ಕೂಟರ್ ಶೋರೂಮಿಗೆ ಹೋಗಿದ್ದೆ. ನನಗಾಗಿ ಅಲ್ಲ. ನಮ್ಮ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್ ಮಂಜುಳಾ ಗಾಡಿ ತೆಗೆದುಕೊಳ್ಳಬೇಕೆಂದಿದ್ದಳು, ಜೊತೆಗೆ ಬನ್ನಿ ಅಕ್ಕ ಎಂದು ಕರೆದಿದ್ದಳು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಹೊಸ ಟೈರಿನ ವಾಸನೆ. ಹೊಸ ರಬ್ಬರು, ಹೊಸ ಪೇಂಟು, ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ಕು. ಬೇರೆಯವರಿಗೆ ಅದು ಸಂತೋಷದ ವಾಸನೆ ಇರಬಹುದು. ನನಗೆ ಮಾತ್ರ ಮೂಗಿಗೆ ಬಿದ್ದ ಕೂಡಲೇ ತಲೆ ಬಿಸಿಯಾಗುತ್ತದೆ. ಅಷ್ಟರಲ್ಲಿ ಅಲ್ಲಿನ ಸೇಲ್ಸ್‌ನವನು ನಗುತ್ತಾ ಬಂದ. ನಮ್ಮಿಬ್ಬರನ್ನೂ ನೋಡಿದ, ನಮ್ಮ ಹಿಂದೆ ಬಾಗಿಲ ಕಡೆಗೊಮ್ಮೆ ಇಣುಕಿದ, ಆಮೇಲೆ "ಸರ್ ಬಂದಿಲ್ವಾ ಮೇಡಂ?" ಎಂದ.

"ಸರ್ ಮನೇಲಿ ಅದಾರೆ. ಗಾಡಿ ಓಡ್ಸೋರು ಇವ್ರು. ಮೊದ್ಲು ಇವ್ರನ್ನ ಸೀಟಿನ ಮೇಲೆ ಕೂರ್ಸ್ರಿ, ಮೈಲೇಜಿನ ಮಾತು ಆಮೇಲೆ," ಎಂದೆ.

ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು. ಕ್ಯಾಶ್ ಕೌಂಟರಿನಲ್ಲಿದ್ದವರೂ ತಿರುಗಿ ನೋಡಿದರು. ಮಂಜುಳಾ ಒಂದೊಂದರ ಮೇಲೂ ಕೂತು ಇಳಿದಳು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದ ಗಾಡಿಯನ್ನೇ ಬುಕ್ ಮಾಡಿ ಬಂದಳು. ವಾಪಸು ಬರುವಾಗ ನನ್ನ ಹಿಂದೆ ಕೂತು, ಅವನು ಕೇಳಿದ್ದು ಅಷ್ಟು ದೊಡ್ಡ ತಪ್ಪಾ ಅಕ್ಕ, ಯಾಕೆ ಅಷ್ಟು ಸಿಟ್ಟು ಬಂತು ಎಂದು ಕೇಳಿದಳು. ಗಾಳಿಯಲ್ಲಿ ಕೂಗಿ ಹೇಳುವ ವಿಷಯವಲ್ಲ ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನನ್ನನ್ನು ಕೊಟ್ಟಿದ್ದು ಬಸವಾಪಟ್ಟಣಕ್ಕೆ. ಗಂಡನ ಮನೆಯವರದು ದನಗಳ ಹಿಂಡಿ ಬೂಸಾ ಅಂಗಡಿ. ಮಾವ, ಅತ್ತೆ, ನಮ್ಮ ಮನೆಯವರು, ಮೈದುನ ಕಿರಣ, ನಾನು. ನನ್ನ ಬಾಯಿ ಸ್ವಲ್ಪ ಚುರುಕು. "ಜಗಳೂರಿನೋಳು ಅಲ್ವಾ, ಜಗಳಾನ ಊರಿಂದ್ಲೇ ಕಟ್ಟಿಕೊಂಡು ಬಂದಾಳೆ" ಎಂದು ಮಾವ ಬಂದವರೆದುರಿಗೆಲ್ಲ ನಗುತ್ತಿದ್ದರು. ಹೊಸದರಲ್ಲಿ ನಾನೂ ನಕ್ಕಿದ್ದೇನೆ. ಗಾಡಿ ತೆಗೆದುಕೊಂಡ ವರ್ಷದ ನಂತರ ನಗುವುದನ್ನು ಬಿಟ್ಟೆ.

ನನ್ನ ಕೆಲಸ ಲ್ಯಾಬ್ ಟೆಕ್ನಿಷಿಯನ್ ಆಗಿ, ಗುತ್ತಿಗೆಯ ಮೇಲೆ, ಸೂಳೆಕೆರೆಯ ಆಚೆ ಬದಿಯ ಒಂದು ಊರಿನ ಸಣ್ಣ ಆಸ್ಪತ್ರೆಯಲ್ಲಿ. ನೀರಿನ ಮೇಲೆ ನಡೆಯಲು ಬಂದಿದ್ದರೆ ನಮ್ಮೂರಿಂದ ಅದು ಹತ್ತಿರ. ರಸ್ತೆ ಮಾತ್ರ ಕೆರೆಯನ್ನು ಸುತ್ತಿ, ಗುಡ್ಡವನ್ನು ಸುತ್ತಿ, ಗದ್ದೆ ಬಯಲಿನ ಕ್ಯಾಂಪು ಎನ್ನುವ ಪ್ರತಿ ಸಣ್ಣ ಊರಿನ ಮುಂದೆ ನಿಂತು ಹೋಗುತ್ತದೆ. ಲ್ಯಾಬಿನ ಕೆಲಸ ಎಂದರೆ ಬೇರೆ ನೌಕರಿಯ ಹಾಗಲ್ಲ, ಸ್ವಲ್ಪ ತಡವಾದರೆ ಸಂಜೆ ಸರಿ ಮಾಡಿಕೊಳ್ಳುತ್ತೇನೆ ಎನ್ನುವ ಹಾಗಿಲ್ಲ. ಸಕ್ಕರೆ ಪರೀಕ್ಷೆಗೆ ಜನ ಬರಿ ಹೊಟ್ಟೆಯಲ್ಲಿ ಬರುತ್ತಾರೆ. ವಯಸ್ಸಾದವರು, ಬಸುರಿಯರು, ಬೆಳಗಿನ ಕಾಫಿಯನ್ನೂ ಬಿಟ್ಟು ನಡೆದು ಬಂದು ವರಾಂಡದ ಬೆಂಚಿನ ಮೇಲೆ ಕೂತಿರುತ್ತಾರೆ. ನಾನು ಹೋಗಿ ರಕ್ತ ತೆಗೆಯುವವರೆಗೆ ಒಬ್ಬರೂ ಒಂದು ತುತ್ತು ಬಾಯಿಗೆ ಹಾಕುವ ಹಾಗಿಲ್ಲ. ನನ್ನ ತಡ ಎಂದರೆ ಅವರ ಹಸಿವು.

ಹೀಗಿರುವಾಗ ಬೆಳಗಿನ ಹೊತ್ತಿಗೆ ನನಗಿದ್ದದ್ದು ಒಂದೇ ಒಂದು ಖಾಸಗಿ ಬಸ್ಸು. ಸರ್ಕಾರಿ ಬಸ್ಸು ಆ ದಾರಿಗೆ ಬರುವ ಹೊತ್ತಿಗೆ ನನ್ನ ಅರ್ಧ ಕೆಲಸ ಮುಗಿದಿರಬೇಕು. ಆ ವರ್ಷವೇ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದದ್ದು. ಅದರಿಂದ ಉಪಕಾರವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮಮ್ಮ ಜಗಳೂರಿನಿಂದ ದಾವಣಗೆರೆಗೆ ಕಣ್ಣು ತೋರಿಸಿಕೊಳ್ಳಲು ಯಾರ ಮುಂದೆಯೂ ಕೈಯೊಡ್ಡದೆ ಹೋಗಿ ಬಂದಿದ್ದು ಅದರಿಂದಲೇ. ಆದರೆ ನಮ್ಮ ಮನೆಯಲ್ಲಿ ನಾನು ಸ್ಕೂಟರ್ ಎಂದು ಬಾಯಿ ತೆರೆದರೆ ಸಾಕು, ಮಾವನೂ ಮೈದುನನೂ ಒಂದೇ ರಾಗ ಎಳೆಯುತ್ತಿದ್ದರು: ನಿನಗೆ ಬಸ್ಸು ಫ್ರೀ ಐತಲ್ಲ. ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಬಾರದ ಬಸ್ಸಿಗೆ ಚಾರ್ಜು ಇದ್ದರೇನು, ಬಿಟ್ಟರೇನು?

ಮದುವೆಯ ಸೀಸನ್ನಿನಲ್ಲಿ ಆ ಖಾಸಗಿ ಬಸ್ಸೂ ಇರುತ್ತಿರಲಿಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. ಯಾರೋ ದಿಬ್ಬಣಕ್ಕೆ ಗೊತ್ತು ಮಾಡಿಕೊಂಡರೆ ರೂಟಿನ ಬಸ್ಸು ಮಾವಿನ ಸೊಪ್ಪು ಕಟ್ಟಿಕೊಂಡು ಹೊರಟೇ ಬಿಡುತ್ತದೆ. ಸ್ಟಾಪಿನಲ್ಲಿ ನಿಂತವರಿಗೆ ಹೋಟೆಲಿನವನು ಹೇಳುತ್ತಾನೆ, "ಬಸ್ಸು ಇವತ್ತು ಮದ್ವೆಗೆ ಹೋಗೈತೆ." ಆಷಾಢ ಕಳೆದು ಶ್ರಾವಣ ಬಂದ ಮೇಲೆ ಒಂದು ಬೆಳಿಗ್ಗೆ, ಜಿಟಿ ಜಿಟಿ ಮಳೆಯಲ್ಲಿ, ನನಗೂ ಅದನ್ನೇ ಹೇಳಿದ. ಟೊಮೆಟೊ ಕ್ರೇಟು ತುಂಬಿದ ಗೂಡ್ಸ್ ಆಟೊದಲ್ಲಿ ಸ್ವಲ್ಪ ದೂರ, ಹಾಲಿನ ಗಾಡಿಯಲ್ಲಿ ಸ್ವಲ್ಪ ದೂರ, ಉಳಿದದ್ದು ಕಾಲ್ನಡಿಗೆ. ನಾನು ಹೋಗಿ ಮುಟ್ಟುವ ಹೊತ್ತಿಗೆ ಹನುಮವ್ವ ವರಾಂಡದಲ್ಲಿ ಬಿದ್ದಿದ್ದಳು.

ಹನುಮವ್ವ ಕೆರೆ ದಂಡೆಯ ಮೀನುಗಾರರ ಕೇರಿಯವಳು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ಮಾರಿದ ಗಟ್ಟಿ ಹೆಂಗಸು. ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಬೇಡ ಎಂದು ಹೇಳಿದ್ದರೂ ಅಭ್ಯಾಸಬಲದಿಂದ ನುಂಗಿ, ಏನೂ ತಿನ್ನದೆ ಬಂದು ನನಗಾಗಿ ಕಾದು ಕಾದು, ಮೈ ಬೆವೆತು, ಕಣ್ಣು ಕತ್ತಲೆ ಬಂದು ಕೂತಲ್ಲಿಂದಲೇ ಜಾರಿದ್ದಳು. ಸಿಸ್ಟರು ಸಕ್ಕರೆ ನೀರು ಕುಡಿಸಿದರು. ಸುಧಾರಿಸಿಕೊಂಡು ಎದ್ದು ಕೂತವಳು ನೆಂದು ತೊಪ್ಪೆಯಾಗಿ ನಿಂತಿದ್ದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ದೇವ್ರಿಗೆ ಉಪಾಸ ಇದ್ರೆ ಪುಣ್ಯನಾರ ಬರ್ತೈತೆ. ನಿನಗೆ ಉಪಾಸ ಇದ್ರೆ ನನಗೇನು ಬರ್ತೈತವ್ವಾ?"

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಡಾಕ್ಟರು ಕರೆದು, ಹೀಗೇ ಆದರೆ ಮುಂದಿನ ವರ್ಷದ ಗುತ್ತಿಗೆಗೆ ನಿಮ್ಮ ಹೆಸರು ಬರೆದು ಕಳಿಸುವುದು ನನಗೆ ಕಷ್ಟ ಎಂದರು. ಆ ಮಾತಿಗೂ ನನಗೆ ಅಷ್ಟು ಉರಿಯಲಿಲ್ಲ. ಉರಿದದ್ದು ಹನುಮವ್ವನ ಮಾತಿಗೆ. ಆ ಸಂಜೆ ಮನೆಗೆ ಹೋದವಳೇ, ನಾನು ಕಟ್ಟಿದ ಚೀಟಿ ಎತ್ತಿ ಗಾಡಿ ತೆಗೆದುಕೊಳ್ಳುತ್ತೇನೆ, ಯಾರನ್ನೂ ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಎಂದೆ.

ಆಮೇಲೆ ಮನೆಯಲ್ಲಿ ಎಲ್ಲರೂ ಪಂಡಿತರಾದರು. ಎದುರಿಗೆ ಸಿಕ್ಕವರ ಮೊದಲ ಪ್ರಶ್ನೆ ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದು. ಕಿರಣನಿಗೆ ಪಿಕಪ್ ಬೇಕು. ನಮ್ಮ ಮನೆಯವರಿಗೆ ಮಾರುವಾಗ ಬೆಲೆ ಬರಬೇಕು. ಇನ್ನೂ ತೆಗೆದುಕೊಂಡೇ ಇಲ್ಲದ ಗಾಡಿಯನ್ನು ಮಾರುವ ಯೋಚನೆ ಅವರಿಗೆ. ಕರೆಂಟಿನ ಗಾಡಿ ಅಗ್ಗದ ಓಡಾಟ ಎಂದು ನಾನೇ ಆಸೆಪಟ್ಟಿದ್ದೆ, ಆದರೆ ನಮ್ಮಲ್ಲಿ ಕರೆಂಟು ಹೋಗುವ ರೀತಿ ನೋಡಿದರೆ ಬೆಳಿಗ್ಗೆ ಬೆಂಚಿನ ಮೇಲೆ ಕೂತವರಿಗೆ ಮತ್ತೆ ಉಪವಾಸವೇ ಗತಿ ಎಂದು ನಾನೇ ಕೈಬಿಟ್ಟೆ. ನನ್ನ ಲೆಕ್ಕ ಸಣ್ಣದು. ನಾನು ಗಿಡ್ಡ, ಗಾಡಿ ತಗ್ಗಾಗಿರಬೇಕು. ದಿನಾ ಒಬ್ಬಳೇ ಓಡಿಸುವವಳು, ಹಗುರವಾಗಿರಬೇಕು, ಪಂಚರಾದರೆ ದಾರಿಯಲ್ಲಿ ಒಬ್ಬಳೇ ತಳ್ಳಿಕೊಂಡು ಹೋಗುವ ಹಾಗಿರಬೇಕು. ಪೆಟ್ರೋಲು ಕಡಿಮೆ ಕುಡಿಯಬೇಕು, ರಿಪೇರಿಗೆ ದಾವಣಗೆರೆಗೆ ಓಡುವಂತಿರಬಾರದು. ಹೀಗೆಂದು ನಾನು ಊಟದ ಹೊತ್ತಿನಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅನ್ನಕ್ಕೆ ಸಾರು ಹಾಕಿಸಿಕೊಳ್ಳುವಾಗಲೂ ಜನ ಹಾಗೇ ತಲೆಯಾಡಿಸುತ್ತಾರೆ.

ಮಾವನ ಬಗ್ಗೆ ಒಂದು ವಿಷಯ ಹೇಳಬೇಕು. ಭಾರ ಹಾಕಿ ನೋಡದೆ ಅವರು ಏನನ್ನೂ ಕೊಳ್ಳುವವರಲ್ಲ. ಕುರ್ಚಿ ಕೊಂಡರೆ ಅದರ ಮೇಲೆ ಹತ್ತಿ ನಿಲ್ಲುತ್ತಾರೆ, ಕೊಡ ಕೊಂಡರೆ ಅಂಗಡಿಯಲ್ಲೇ ನೀರು ತುಂಬಿಸಿ ಎತ್ತುತ್ತಾರೆ. ಅವರ ಹಳೆಯ ಮೊಪೆಡ್ಡಿನಲ್ಲಿ ಮುಂದೊಂದು ಹಿಂಡಿ ಚೀಲ, ಹಿಂದೊಂದು ಬೂಸಾ ಚೀಲ, ನಡುವೆ ಅವರು. ಅತ್ತೆ ಆ ಮೊಪೆಡ್ ಮೇಲೆ ಕೂತಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಅತ್ತೆ ತವರಿಗೆ ಹೋಗುವ ದಿನ ಬ್ಯಾಗು ಹಿಡಿದು ಬಸ್ ಸ್ಟಾಂಡಿಗೆ ನಡೆದೇ ಹೋಗುತ್ತಿದ್ದರು. ಮಾವ ಚೀಲ ಹೇರಿಕೊಂಡು ಅವರ ಪಕ್ಕದಲ್ಲೇ ದಾಟಿಕೊಂಡು ಹೋಗುತ್ತಿದ್ದರು. ಇದು ಯಾರಿಗೂ ವಿಚಿತ್ರ ಅನಿಸಿರಲಿಲ್ಲ, ಅತ್ತೆಗೂ.

ಹೊನ್ನಾಳಿಗೆ ಗಾಡಿ ನೋಡಲು ಹೊರಟ ದಿನ ಅತ್ತೆಯನ್ನು ಬಿಟ್ಟು ಎಲ್ಲರೂ ಹೊರಟರು, ಹೆಣ್ಣು ನೋಡಲು ಹೊರಟ ಹಾಗೆ. ಮಂಗಳವಾರ ಬೇಡ, ಅಮಾವಾಸ್ಯೆ ಕಳೆಯಲಿ ಎಂದು ದಿನ ನೋಡಿದ್ದೂ ಆಗಿತ್ತು. ಪರಿಚಯದವರ ಗೂಡ್ಸ್ ಆಟೊ. ಮುಂದೆ ಮಾವ, ಹಿಂದೆ ನಾವು ಮೂವರು, ನಮ್ಮ ಕಾಲ ಬಳಿ ಒಂದು ತುಂಬಿದ ಹಿಂಡಿ ಚೀಲ. ದಾರಿಯಲ್ಲಿ ಯಾರಿಗೋ ಕೊಡಬೇಕೇನೋ ಎಂದುಕೊಂಡಿದ್ದೆ. ಶೋರೂಮಿನ ಮುಂದೆ ಆಟೊ ನಿಂತಿತು, ಕಿರಣ ಚೀಲವನ್ನು ಹೆಗಲ ಮೇಲೆ ಹೊತ್ತು ಒಳಗೆ ನಡೆದ.

ಗಾಜಿನಂಥ ಆ ನೆಲದ ಮೇಲೆ, ಸಾಲಾಗಿ ನಿಲ್ಲಿಸಿದ ಹೊಸ ಗಾಡಿಗಳ ನಡುವೆ, ಹಿಂಡಿ ಚೀಲ ಕೂತಿತು. ಸೇಲ್ಸ್‌ನವನು ಕಣ್ಣು ಕಣ್ಣು ಬಿಟ್ಟ. ಮಾವ ಒಂದೊಂದು ಗಾಡಿಯ ಬಳಿಯೂ ನಿಂತು, ಕಾಲಿಡುವ ಜಾಗದಲ್ಲಿ ಚೀಲ ಇಡಿಸಿ, ಹ್ಯಾಂಡಲ್ಲು ಆಚೆ ಈಚೆ ತಿರುಗಿಸಿ, ಚೀಲ ತಾಗುತ್ತದೆಯೇ ಎಂದು ಬಗ್ಗಿ ನೋಡಿದರು. ಮೊದಲನೆಯದರಲ್ಲಿ ಚೀಲ ವಾಲಿತು. ಎರಡನೆಯದರಲ್ಲಿ ಹ್ಯಾಂಡಲ್ಲಿಗೆ ತಾಗಿತು. ನನಗೆ ಇಷ್ಟವಾಗಿದ್ದ ತಗ್ಗಿನ ಗಾಡಿಯಲ್ಲಿ ಚೀಲಕ್ಕೆ ನಿಲ್ಲಲು ಜಾಗವೇ ಇರಲಿಲ್ಲ, ಅದನ್ನು ಕೈಯಲ್ಲೇ ಬೇಡ ಎಂದು ಸನ್ನೆ ಮಾಡಿ ಮುಂದೆ ಹೋದರು. ಸೇಲ್ಸ್‌ನವನು ಅಷ್ಟರಲ್ಲಿ ಚೇತರಿಸಿಕೊಂಡು, ಚೀಲದ ಜೊತೆ ಹೊಂದಿಕೊಂಡು, ನಮ್ಮ ಮನೆಯವರಿಗೆ ಇಂಜಿನ್ನು ಬ್ರೇಕು ಎಲ್ಲ ವಿವರಿಸುತ್ತಿದ್ದ. ನನ್ನ ಕೈಗೆ ಒಂದು ಟೀ ಕೊಟ್ಟು ಕುರ್ಚಿ ತೋರಿಸಿದರು. ಅಷ್ಟು ಹೊತ್ತಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಮೇಡಂಗೆ ಯಾವ ಕಲರ್ ಬೇಕು ಎಂದು. ಕಲರ್ ಯಾವುದಾದರೂ ಆಗಲಿ, ಸೀಟು ತಗ್ಗಿರಲಿ ಎಂದೆ. ಕೊನೆಗೆ ಚೀಲ ಗಟ್ಟಿಯಾಗಿ ನಿಂತ ಎತ್ತರದ, ಅಗಲದ, ಭಾರದ ಗಾಡಿಯೇ ಗಟ್ಟಿಯಾಯಿತು. ಬಣ್ಣವನ್ನೂ ಮಾವನೇ ಹೇಳಿದರು, ಹಿಂಡಿ ಧೂಳು ಕಾಣದ ಬೂದಿ ಬಣ್ಣ.

ಚೀಲ ಎಲ್ಲ ಗಾಡಿಗಳ ಮೇಲೂ ಕೂತು ನೋಡಿತು. ನಾನು ಒಂದರ ಮೇಲೂ ಕೂತು ನೋಡಲಿಲ್ಲ. ದುಡ್ಡು ಕಟ್ಟಿದ ಮೇಲೆ ಫೋಟೊ ತೆಗೆಯಲು ಕೂರಿಸಿದಾಗ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು. ಕಾಲು ನಿಲುಕಲ್ಲ ಎಂದೆ. ಅಭ್ಯಾಸ ಆಗುತ್ತದೆ ಎಂದು ಮಾವ. ಹೋಗಲಿ ಬಿಡು ಎಂದು ನಮ್ಮ ಮನೆಯವರು. ನಮ್ಮ ಮನೆಯವರಿಗೆ ಎಲ್ಲದಕ್ಕೂ ಅದೊಂದೇ ಔಷಧ, ತಲೆನೋವಿಗೂ ಅದೇ, ಹಾವು ಕಡಿದರೂ ಅದೇ.

ವಿಜಯದಶಮಿಗೆ ಗಾಡಿ ಮನೆಗೆ ಬಂತು. ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದದ್ದಾಯಿತು. ಕೀಲಿಯನ್ನು ಮಾವ ದೇವರ ಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಆ ಮನೆಯ ಪದ್ಧತಿ ಅದು. ಅಂಗಡಿಯ ಕೀಲಿ, ಮೊಪೆಡ್ಡಿನ ಕೀಲಿ, ಕಿರಣನ ಬೈಕಿನ ಕೀಲಿ ಎಲ್ಲ ಆ ಒಂದೇ ಮೊಳೆಗೆ. ಯಾರು ಮೊದಲು ಹೊರಡುತ್ತಾರೋ ಅವರು ಬೇಕಾದ್ದನ್ನು ತೆಗೆದುಕೊಂಡು ಹೋಗುವುದು. ನನ್ನ ಗಾಡಿ, ನನ್ನ ಹೆಸರಿನ ಆರ್‌ಸಿ, ಕೀಲಿ ಮಾತ್ರ ಮೊಳೆಯದು.

ಮೊದಮೊದಲು ಮಾವ, ಕಿರಣ ಸಂಜೆ ಮಾತ್ರ ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ಬೆಳಗಾಗೆದ್ದು ನೋಡಿದರೆ ಮೊಳೆ ಖಾಲಿ. ಯಾರದೋ ಕೊಟ್ಟಿಗೆಗೆ ಹಿಂಡಿ ಹಾಕಿ ಬರಲು ಮಾವ ಹೋಗಿರುತ್ತಿದ್ದರು. ನಾನು ಸ್ನಾನ ಮಾಡಿ, ಬ್ಯಾಗು ಹೆಗಲಿಗೆ ಹಾಕಿ, ಜಗಲಿಯ ಮೇಲೆ ನಿಂತು ರಸ್ತೆ ನೋಡುವುದು. ಬಸ್ಸಿಗೆ ನಿಲ್ಲುವುದರ ಬದಲು ನನ್ನದೇ ಗಾಡಿಗೆ ನಿಲ್ಲತೊಡಗಿದ್ದೆ. ಬಂದರೆ ಪೆಟ್ರೋಲಿನ ಮುಳ್ಳು ಕೆಳಗೆ, ಕಾಲಿಡುವ ಕಡೆ ಹಿಂಡಿಯ ಪುಡಿ. ಪೆಟ್ರೋಲು ನನ್ನದು, ಓಡಾಟ ಮನೆಯದು. ಇಷ್ಟರ ಮೇಲೆ ಒಂದು ದಿನ ಕಿರಣ, "ಅತ್ತಿಗೆ, ಗಾಡಿ ಮೈಲೇಜೇ ಕೊಡ್ತಿಲ್ಲ, ನಿಮಗೆ ಓಡ್ಸಾಕೆ ಬರಲ್ಲ" ಎಂದ. ಕೈಯಲ್ಲಿದ್ದ ಸಾರಿನ ಸೌಟು ಅವನ ತಲೆಯ ಮೇಲೆ ಬೀಳದೇ ಇದ್ದದ್ದು ಅವನ ಪುಣ್ಯ.

ಭತ್ತ ಕೊಯ್ಲಾದ ಮೇಲೆ ನಮ್ಮ ಕಡೆಯ ಕುರಿ ಮಂದೆಗಳು ಕೆರೆಯ ಬಯಲಿಗೆ ಬರುತ್ತವೆ. ಜಗಳೂರು ಕಡೆಯ ಕುರುಬರು ಮಂದೆ ಹೊಡೆದುಕೊಂಡು ಬಂದು, ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಾರೆ. ಶಿವರಾತ್ರಿಗೆ ಎರಡು ಮೂರು ವಾರ ಇರುವಾಗ ಒಂದು ಬೆಳಿಗ್ಗೆ ಮಾವ ಗಾಡಿಯನ್ನು ತಡವಾಗಿ ತಂದುಕೊಟ್ಟರು, ನಾನು ಅವಸರದಲ್ಲಿ ಹೊರಟೆ. ಕೆರೆ ಪಕ್ಕದ ಇಳಿಜಾರಿನಲ್ಲಿ ತಿರುವು ತಿರುಗಿದರೆ ರಸ್ತೆ ತುಂಬ ಕುರಿ. ಬ್ರೇಕ್ ಹಿಡಿದೆ, ಗಾಡಿ ನಿಂತಿತು. ಕಾಲು ಊರಲು ಹೋದರೆ ಆ ಕಡೆ ರಸ್ತೆಯ ಅಂಚು ಇಳಿದಿತ್ತು, ಪಾದಕ್ಕೆ ನೆಲ ಸಿಗಲಿಲ್ಲ. ಇಡೀ ಗಾಡಿ ನಿಧಾನಕ್ಕೆ, ಬೇಕೆಂದೇ ಎಂಬಂತೆ, ನನ್ನ ಮೇಲೆ ಮಲಗಿತು.

ಮಂದೆಯ ಹಿಂದೆ ಬರುತ್ತಿದ್ದ ಹೆಂಗಸು ಓಡಿ ಬಂದು ಗಾಡಿ ಎತ್ತಿದಳು. ಮಾತು ಕೇಳಿದರೆ ನಮ್ಮ ಕಡೆಯದೇ. ನನ್ನನ್ನು ಕೂರಿಸಿ, ಬಾಟಲಿಯ ನೀರು ಕೊಟ್ಟು, ಯಾರದಮ್ಮ ಗಾಡಿ ಎಂದು ಕೇಳಿದಳು. ನನ್ನದೇ ಎಂದೆ.

"ನಿಂದಾ? ಮತ್ತೆ ನಿನಗ್ಯಾಕೆ ಕಾಲು ನಿಲುಕಲ್ಲ?"

ನೀರು ಕುಡಿದು ಎದ್ದು ನಿಲ್ಲಲು ಹೋದೆ. ಕಾಲಿನ ಗೆಣ್ಣು ಆಗಲೇ ಬದನೆಕಾಯಿಯಂತೆ ಊದಿತ್ತು. ಮನೆಗೆ ತಲುಪಿಸಿದವರು ಗಾಡಿಯನ್ನೂ ತಂದು ನಿಲ್ಲಿಸಿದರು. ಮಾವ ಹೊರಗೆ ಬಂದರು. ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು, ಕೆರೆದುಹೋದ ಪಕ್ಕವನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. ಆ ಒಂದು ಸುತ್ತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅತ್ತೆ ಮಾತ್ರ ಬಿಸಿನೀರು ಕಾಯಿಸಿ ತಂದು ಕಾಲ ಬಳಿ ಕೂತರು.

ಕಾಲು ಇಳಿಯುವವರೆಗೆ ರಜೆ. ನಾನು ಮಂಚದ ಮೇಲೆ, ಚೀಲ ಗಾಡಿಯ ಮೇಲೆ. ದಿನಾ ಬೆಳಿಗ್ಗೆ ನನ್ನ ಗಾಡಿ ಸ್ಟಾರ್ಟ್ ಆಗುವ ಸದ್ದು ಮಲಗಿದಲ್ಲಿಗೇ ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ಲ್ಯಾಬಿಗೆ ಬೀಗ, ಬಂದವರನ್ನು ಚನ್ನಗಿರಿಗೆ ಹೋಗಿ ಎಂದು ಕಳಿಸುತ್ತಿದ್ದಾರಂತೆ. ಹನುಮವ್ವ ಮಾತ್ರ, ಚನ್ನಗಿರಿಗೆ ಹೋಗಲ್ಲ, ಆ ಹುಡುಗಿ ಬಂದ ಮೇಲೇ ರಕ್ತ ಕೊಡುತ್ತೇನೆ ಎಂದು ಮನೆಗೆ ಹೋದಳಂತೆ. ಸಿಸ್ಟರು ಫೋನಿನಲ್ಲಿ ಇದನ್ನು ಹೇಳಿದ ದಿನ ನಮ್ಮ ಮನೆಯವರನ್ನು ಕೂರಿಸಿಕೊಂಡು ಕೇಳಿದೆ, ಈ ಗಾಡಿ ತೆಗೆದುಕೊಂಡದ್ದು ಯಾರು ಕೂರುವುದಕ್ಕೆ ಎಂದು.

"ಹೋಗ್ಲಿ ಬಿಡು ಗಿರಿಜಾ. ಮನೆ ಗಾಡಿ ತಾನೆ," ಎಂದರು.

ಮನೆ ಗಾಡಿ. ಮನೆಯವರೆಲ್ಲ ಕೂರಬಹುದಾದ, ನನ್ನ ಕಾಲು ಮಾತ್ರ ನಿಲುಕದ ಗಾಡಿ. ಅವರು ಕೆಟ್ಟವರಲ್ಲ, ಅದೇ ನನ್ನ ಸಿಟ್ಟಿಗೆ ಇನ್ನಷ್ಟು ತುಪ್ಪ ಹೊಯ್ಯುತ್ತಿತ್ತು. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ಒಳ್ಳೆಯವರು ಮೆಲ್ಲಗೆ, ನಗುನಗುತ್ತಾ, ನಮ್ಮದನ್ನು ನಮ್ಮ ಕೈಯಿಂದ ತೆಗೆದುಕೊಂಡರೆ ಯಾರ ಜೊತೆ ಜಗಳ ಆಡುವುದು?

ಶಿವರಾತ್ರಿಯ ಮಾರನೆಯ ದಿನ, ಜಾಗರಣೆ ಮಾಡಿದ್ದ ಮನೆಯವರೆಲ್ಲ ಇನ್ನೂ ಮಲಗಿದ್ದಾಗ, ಮೊಳೆಯಿಂದ ಕೀಲಿ ತೆಗೆದುಕೊಂಡು ಹೊರಟೆ. ಹೆಬ್ಬೆರಳ ತುದಿಯಲ್ಲೇ ಜೀವ ಹಿಡಿದುಕೊಂಡು ಹೊನ್ನಾಳಿ ದಾಟಿ ನ್ಯಾಮತಿ ತಲುಪಿದೆ. ಅಲ್ಲಿ ನನ್ನ ಚಿಕ್ಕಮ್ಮನ ಮಗಳು ಸುಧಾ ಇದ್ದಾಳೆ. ಅವಳಿಗೆ ಗೊತ್ತಿದ್ದ, ಹಳೆ ಗಾಡಿ ತೆಗೆದುಕೊಂಡು ಕೊಡುವ ಒಬ್ಬರ ಅಂಗಡಿಗೆ ಇಬ್ಬರೂ ಹೋದೆವು. ಸಾಲಾಗಿ ಗಾಡಿಗಳಿದ್ದವು. ರಸ್ತೆಯ ಎದುರಿಗೇ ಒಂದು ಹಿಂಡಿ ಅಂಗಡಿ. ಅದು ಕಣ್ಣಿಗೆ ಬಿದ್ದದ್ದೇ ನನಗೆ ಎಲ್ಲಿಲ್ಲದ ಉಮೇದು ಬಂತು. ಹೋಗಿ, ಒಂದು ತುಂಬಿದ ಚೀಲ ಸ್ವಲ್ಪ ಹೊತ್ತು ಕೊಡುತ್ತೀರಾ ಎಂದು ಕೇಳಿದೆ. ಸುಧಾ ನನಗೆ ತಲೆ ಕೆಟ್ಟಿದೆ ಎಂದುಕೊಂಡಳು. ಗಾಡಿ ಅಂಗಡಿಯವರಂತೂ, "ಚೀಲ ಇಡಾಕೆ ಜಾಗ ಬೇಕಾದ್ರೆ ಆ ದೊಡ್ಡದು ತಗಳ್ರಿ ಮೇಡಂ, ಆರಾಮ್ ನಿಲ್ತೈತೆ" ಎಂದು ಉಪಕಾರ ಮಾಡಲು ಬಂದರು.

"ನನಗೆ ಚೀಲ ನಿಲ್ದಿರೋ ಗಾಡಿ ಬೇಕ್ರಿ," ಎಂದೆ.

ಒಂದೊಂದರಲ್ಲೂ ಚೀಲ ಇಟ್ಟು ನೋಡಿದೆ. ಮಾವ ನೋಡಿದ ಹಾಗೇ ಹ್ಯಾಂಡಲ್ಲು ತಿರುಗಿಸಿ, ಬಗ್ಗಿ ನೋಡಿದೆ. ಚೀಲ ನಿಂತರೆ ಬೇಡ. ಚೀಲ ವಾಲಿದರೆ ನಾನು ಹತ್ತಿ ಕೂರುವುದು. ಕೊನೆಗೆ ಒಂದು ಹಳೆಯ, ಸಣ್ಣ, ಕೆಂಪು ಬಣ್ಣದ ಗಾಡಿ. ಮೊದಲಿದ್ದವರು ಟೀಚರಂತೆ, ಇಂಜಿನ್ನು ಚೆನ್ನಾಗಿತ್ತು. ಚೀಲ ಇಟ್ಟ ಕೂಡಲೇ ಪಕ್ಕಕ್ಕೆ ಉರುಳಿ ನೆಲದ ಮೇಲೆ ಧೊಪ್ಪೆಂದು ಬಿತ್ತು. ನಾನು ಕೂತರೆ ಎರಡೂ ಹಿಮ್ಮಡಿ ನೆಲ ಮುಟ್ಟಿದವು. ಹೊಸದನ್ನು ಕೊಟ್ಟು ಹಳೆಯದನ್ನು ತಂದರೆ ಕೈ ಕಚ್ಚುತ್ತದೆ, ನನಗೆ ಗೊತ್ತಿಲ್ಲದ್ದೇನಲ್ಲ. ನನಗೆ ಅಗ್ಗದ ಗಾಡಿ ಎಂದರೆ ನಾನು ಹೊರಡಬೇಕೆಂದಾಗ ಬಾಗಿಲಲ್ಲಿ ಇರುವ ಗಾಡಿ. ಮೊಳೆಯ ಮೇಲಿನ ಗಾಡಿ ಲೀಟರಿಗೆ ಎಷ್ಟು ಕೊಟ್ಟರೂ ನನಗೆ ದುಬಾರಿಯೇ.

ಸಂಜೆ ಮನೆಯ ಮುಂದೆ ಕೆಂಪು ಗಾಡಿ ನಿಲ್ಲಿಸಿದಾಗ ಕಿರಣ ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. ನಮ್ಮ ಮನೆಯವರು ಹೋಗಲಿ ಬಿಡು ಎನ್ನಲು ಇದೊಂದು ಸಲ ಮರೆತರು. ಮಾವ ಒಳಗೆ ಹೋಗಿ ಒಂದು ಹಿಂಡಿ ಚೀಲ ತಂದು, ಗಾಡಿಯ ಕಾಲಿಡುವ ಜಾಗದಲ್ಲಿ ಇಟ್ಟರು. ಅದು ವಾಲಿತು. ತಿರುಗಿಸಿ ಇಟ್ಟರು, ಮತ್ತೆ ವಾಲಿತು. ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದರು.

"ಇದ್ರಾಗೆ ಚೀಲ ನಿಲ್ಲಲ್ಲ ಕಣಮ್ಮ."

"ಗೊತ್ತು ಮಾವ. ಅದಕ್ಕೇ ತಗಂಡೆ."

ಕೀಲಿಯನ್ನು ನನ್ನ ಬ್ಯಾಗಿಗೆ ಹಾಕಿ ಝಿಪ್ ಎಳೆದೆ. ಮಾವ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಜಗಳೂರಿನೋಳು ಎಂಬ ತಮಾಷೆಯೂ ನಿಂತಿತು.

ಮತ್ತೆ ಕೆಲಸಕ್ಕೆ ಹೊರಟ ದಿನ ಬೆಳಿಗ್ಗೆ ಗಾಡಿ ಹೊರಗೆ ತೆಗೆಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ತಲೆ ಬಾಚಿದ್ದರು, ಮಡಿಕೆ ಮುರಿಯದ ಸೀರೆ ಉಟ್ಟಿದ್ದರು.

"ನಂದೂ ರಕ್ತ ನೋಡ್ತೀಯಾ? ಬೆಳಿಗ್ಗಿಂದ ಏನೂ ತಿಂದಿಲ್ಲ ನಾನು," ಎಂದರು.

ಒಳಗಿನಿಂದ ಮಾವ, ನಿನಗೇನಾಗಿದೆ ಎಂದು ಕೇಳಿದ್ದು ಇಬ್ಬರಿಗೂ ಕೇಳಿಸಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು, ನನ್ನ ಹೆಗಲು ಹಿಡಿದು, ಹಿಂದೆ ಹತ್ತಿ ಕೂತರು. ಗಾಡಿಯ ಮೇಲೆ ಕೂತು ಅಭ್ಯಾಸವಿಲ್ಲದ ಕೈ, ತಿರುವು ಬಂದಾಗಲೆಲ್ಲ ಹೆಗಲನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಬಲಗಡೆ ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ, ಎಷ್ಟು ವರ್ಷದಿಂದಲೋ ಕಾಲು ಉರಿಯುತ್ತದೆ, ಬಾಯಿ ಒಣಗುತ್ತದೆ ಎಂದು ಹೇಳಿದರು. ಹೇಳಿದ್ದರೆ ಮಾವ ಕರೆದುಕೊಂಡು ಬರುತ್ತಿದ್ದರಲ್ಲ ಎಂದೆ.

"ನಿಮ್ಮ ಮಾವನ ಗಾಡೀಲಿ ಯಾವಾಗ್ಲೂ ಚೀಲ ಇರ್ತಿತ್ತು ಕಣೇ."

ದೂರು ಹೇಳುವ ದನಿಯಲ್ಲ ಅದು, ಹೊರಗೆ ಬಿಸಿಲಿದೆ ಎಂದು ಹೇಳುವ ದನಿ. ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಲ್ಯಾಬಿನ ಬೀಗ ತೆಗೆದು, ಕೋಟು ಹಾಕಿಕೊಂಡು, ಸೂಜಿ ಹತ್ತಿ ಎಲ್ಲ ಹೊಂದಿಸಿದೆ. ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ಹನುಮವ್ವ ಬಂದಳು. ಕಿಟಕಿಯಲ್ಲಿ ನನ್ನನ್ನು ನೋಡಿ, ಬದುಕಿದೀಯಾ ಎನ್ನುವ ಹಾಗೆ ತಲೆಯಾಡಿಸಿ, ಅತ್ತೆಯ ಪಕ್ಕ ಕೂತು ಕಾಲು ಚಾಚಿದಳು.

"ನೀನೂ ಇವ್ಳಿಗೆ ಉಪಾಸನಾ ಅಕ್ಕಾ?" ಎಂದು ಕೇಳಿದಳು.

ಸೋಮವಾರ ಗಂಡನಿಗೆ, ಶ್ರಾವಣದಲ್ಲಿ ಮಕ್ಕಳಿಗೆ, ಶಿವರಾತ್ರಿಯಲ್ಲಿ ಮನೆಗೆ ಎಂದು ಉಪವಾಸ ಮಾಡುತ್ತಲೇ ಬಂದ ನಮ್ಮ ಅತ್ತೆ ಅವಳ ಹಾಗೇ ಕಾಲು ಚಾಚಿದರು.

"ಇಲ್ಲವ್ವ," ಎಂದರು. "ಇದು ನನಗೇ."